ಚೀಟಿ ಎತ್ತಿ ಕೊಡುವ ಚಿಕಿತ್ಸೆ: ಕ್ಯಾನ್ಸರ್ ಪ್ರಯೋಗಗಳ ವಿಚಾರ

ಸಂಘದ ಕಚೇರಿಗೆ ಗೊಬ್ಬರದ ಲೆಕ್ಕಕ್ಕೆಂದು ಬರುವ ಸದಸ್ಯರು ಬರೀ ಗೊಬ್ಬರದ ಮಾತಾಡಿ ಹೋಗುವುದು ಕಡಿಮೆ. ಈಚೆಗೆ ಒಬ್ಬರು, ಬಾಯಿಯ ಹುಣ್ಣಿಗೆಂದು ತಮ್ಮನನ್ನು ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದೊಯ್ದವರು, ಹಲವು ಪುಟಗಳ ಒಪ್ಪಿಗೆ ಪತ್ರವೊಂದನ್ನು ಮೇಜಿನ ಮೇಲಿಟ್ಟು, “ಸೆಕ್ರೆಟ್ರಿಗಳೇ, ನಮ್ಮವನ ಮೇಲೆ ಪ್ರಯೋಗ ಮಾಡ್ತಾರಂತೆ. ಯಾವ ಚಿಕಿತ್ಸೆ ಅನ್ನೋದನ್ನ ಚೀಟಿ ಎತ್ತಿ ತೀರ್ಮಾನ ಮಾಡ್ತಾರಂತೆ. ರುಜು ಹಾಕೋದೋ ಬೇಡವೋ?” ಎಂದು ಕೇಳಿದರು. ನಾವು ವೈದ್ಯರಲ್ಲ. ಹಾಕಿ ಎನ್ನುವ ಅಧಿಕಾರವೂ ಬೇಡ ಎನ್ನುವ ಅಧಿಕಾರವೂ ನಮಗಿಲ್ಲ. ಆದರೆ ಇಂಥ ಪತ್ರದ ಹಿಂದೆ ಏನಿದೆಯೆಂಬುದನ್ನು ಓದಿ ತಿಳಿದಷ್ಟನ್ನು ಸದಸ್ಯರೆಲ್ಲರ ಮುಂದಿಡುವುದು ಒಳ್ಳೆಯದೆಂದು ತೋರಿತು.

‘ಪ್ರಯೋಗ’ ಎಂಬ ಮಾತಿಗೆ ಬೆಳೆಗಾರರು ಹೆದರಬೇಕಾಗಿಲ್ಲ. ಕೊಳೆರೋಗಕ್ಕೆ ಹೊಸದೊಂದು ಔಷಧಿ ಬಂದಿದೆಯೆನ್ನಿ. ಪಕ್ಕದ ತೋಟದವರು ಅದನ್ನು ಹೊಡೆಸಿದರು, ಆ ವರ್ಷ ಕೊಳೆ ಬರಲಿಲ್ಲ. ಔಷಧಿಯ ಗುಣವೋ, ಆಷಾಢದಲ್ಲಿ ಮಳೆ ಕೈಕೊಟ್ಟದ್ದರ ಫಲವೋ? ಅವರ ತೋಟ ಎತ್ತರದಲ್ಲಿದೆ, ಗಾಳಿ ಬೆಳಕು ಚೆನ್ನಾಗಿದೆ ಎಂಬುದೂ ಕಾರಣವಾಗಿರಬಹುದು. ಹೊಡೆದ ಮರ, ಹೊಡೆಯದ ಮರ ಎರಡೂ ಒಂದೇ ತೋಟದಲ್ಲಿ, ಒಂದೇ ಮಳೆಯಲ್ಲಿ ಇದ್ದರೆ ಮಾತ್ರ ಉತ್ತರ ಸಿಗುತ್ತದೆ. ಯಾವ ಮರಕ್ಕೆ ಹೊಡೆಯಬೇಕೆಂಬುದನ್ನು ನಾವೇ ಆರಿಸಿದರೆ, ಗೊತ್ತಿಲ್ಲದೆಯೇ ಚೆನ್ನಾಗಿರುವ ಮರಗಳ ಕಡೆಗೆ ಕೈ ಹೋಗುತ್ತದೆ. ಆದುದರಿಂದ ಚೀಟಿ ಎತ್ತಿದಂತೆ ಆರಿಸಬೇಕು. ಇದನ್ನು ಶಾಸ್ತ್ರವಾಗಿ ರೂಪಿಸಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಷರ್, 1920ರ ದಶಕದಲ್ಲಿ. ವೈದ್ಯರು ಈ ಮಾರ್ಗ ಹಿಡಿದದ್ದು ಆಮೇಲೆ. ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಕೊಟ್ಟು ನೋಡಿದ, 1948ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗ ಇದರಲ್ಲಿ ಹೆಸರಾದದ್ದು. ಅಂದರೆ ಹೊಲದಿಂದ ಆಸ್ಪತ್ರೆಗೆ ಹೋದ ವಿದ್ಯೆ ಇದು. ನಮ್ಮ ಬಾಳೆಹೊನ್ನೂರಿನಲ್ಲೂ ವಿಟ್ಲದಲ್ಲೂ ತಾಕು ಹಾಕಿ ನೋಡುವುದು ಇದೇ ಬಗೆಯಲ್ಲಿ.

ಮರಕ್ಕೂ ಮನುಷ್ಯನಿಗೂ ವ್ಯತ್ಯಾಸವಿದೆ. ಹೊಡೆಯದೆ ಬಿಟ್ಟ ಮರದಲ್ಲಿ ಕಾಯಿ ಉದುರಿದರೆ ಒಂದು ಫಸಲು ಹೋಯಿತು ಅಷ್ಟೆ. ಕ್ಯಾನ್ಸರ್ ರೋಗಿಯನ್ನು ಹಾಗೆ ಬಿಡುವಂತಿಲ್ಲ. ಆದುದರಿಂದ ಕ್ಯಾನ್ಸರಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಗುಂಪಿಗೆ ಈಗ ರೂಢಿಯಲ್ಲಿರುವ ಉತ್ತಮ ಚಿಕಿತ್ಸೆ, ಇನ್ನೊಂದು ಗುಂಪಿಗೆ ಹೊಸದು, ಇಲ್ಲವೆ ಹಳೆಯದರ ಜೊತೆಗೆ ಹೊಸದು. ಬರೀ ಸಕ್ಕರೆ ಗುಳಿಗೆ ಕೊಟ್ಟು ಸಾಯಲು ಬಿಡುತ್ತಾರೆಂಬ ಭಯಕ್ಕೆ ಆಧಾರವಿಲ್ಲ. ಹೊಸ ಔಷಧಿಯಾದರೆ ಮೊದಲು ಕೆಲವೇ ಮಂದಿಗೆ ಕೊಟ್ಟು ಎಷ್ಟು ಪ್ರಮಾಣವನ್ನು ದೇಹ ತಾಳುತ್ತದೆಂದು ನೋಡುತ್ತಾರೆ. ಆಮೇಲೆ ಗೆಡ್ಡೆ ಕುಗ್ಗುತ್ತದೆಯೇ ಎಂದು. ಕೊನೆಗೆ ನೂರಾರು ಮಂದಿಯನ್ನು ಸೇರಿಸಿ ಹಳೆಯದರೊಡನೆ ಹೋಲಿಕೆ. ಕೈಗೆ ಬಂದ ಪತ್ರ ಇವುಗಳಲ್ಲಿ ಯಾವ ಹಂತದ್ದೆಂಬುದನ್ನು ಮೊದಲು ಕೇಳಿ ತಿಳಿಯಬೇಕು. ಮೊದಲ ಹಂತದ ಪ್ರಯೋಗದಿಂದ ರೋಗಿಗೇ ಲಾಭವಾಗುವ ಸಂಭವ ಕಡಿಮೆ.

ನಮ್ಮ ದೇಶದ್ದೇ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಬಾಯಿಯ ಕ್ಯಾನ್ಸರ್ ಇನ್ನೂ ಚಿಕ್ಕದಿರುವಾಗ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗದಿರುವಾಗ, ಏನು ಮಾಡಬೇಕು? ಹುಣ್ಣನ್ನು ತೆಗೆಯುವಾಗಲೇ ಕುತ್ತಿಗೆಯ ದುಗ್ಧರಸ ಗ್ರಂಥಿಗಳನ್ನೂ ತೆಗೆದುಬಿಡಬೇಕೆಂದು ಕೆಲವು ಶಸ್ತ್ರವೈದ್ಯರು. ಗಂಟು ಬಂದಾಗ ನೋಡಿಕೊಂಡರಾಯಿತು, ಸುಮ್ಮನೆ ಕುತ್ತಿಗೆ ಕೊಯ್ಯುವುದೇಕೆಂದು ಇನ್ನು ಕೆಲವರು. ಹಲವು ದಶಕ ನಡೆದ ಈ ವಾದದಲ್ಲಿ ಇಬ್ಬರೂ ಅನುಭವಿಗಳೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 2004ರಿಂದ 2014ರವರೆಗೆ 596 ರೋಗಿಗಳನ್ನು, ಅವರ ಒಪ್ಪಿಗೆ ಪಡೆದು, ಎರಡು ಗುಂಪು ಮಾಡಿದರು. ಮೊದಲ 500 ಮಂದಿಯ ಲೆಕ್ಕ ತೆಗೆದಾಗ, ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ಬಳಿಕ ನೂರಕ್ಕೆ 80 ಮಂದಿ ಬದುಕಿದ್ದರು. ಕಾದು ನೋಡಿದವರಲ್ಲಿ 67.5. ಅಂದರೆ ಎಂಟು ಜನರಲ್ಲಿ ಒಂದು ಜೀವ ಹೆಚ್ಚಾಗಿ ಉಳಿಯಿತು. ಹೊಸ ಔಷಧಿಯಿಲ್ಲ, ದೊಡ್ಡ ಯಂತ್ರವಿಲ್ಲ. ವ್ಯತ್ಯಾಸ ಇಷ್ಟೊಂದು ಸ್ಪಷ್ಟವಾದ ಮೇಲೆ ಹೊಸಬರನ್ನು ಎರಡನೆಯ ಗುಂಪಿಗೆ ಹಾಕುವುದು ತಪ್ಪಾಗುತ್ತದೆಂದು, ಪ್ರಯೋಗದ ಮೇಲೆ ಕಣ್ಣಿಟ್ಟಿದ್ದ ಸಮಿತಿ ಅದನ್ನು ನಿಲ್ಲಿಸಲು ಹೇಳಿತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಗಮನಿಸಿ: ಆ ದಿನದವರೆಗೆ ಯಾವ ಗುಂಪು ಮೇಲೆಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಗೊತ್ತಿದ್ದು ಚೀಟಿ ಎತ್ತುವುದು ಅನ್ಯಾಯ. ಗೊತ್ತಿಲ್ಲದಿರುವಾಗ ಅದಕ್ಕಿಂತ ನ್ಯಾಯವಾದ ದಾರಿ ನಮಗಂತೂ ಕಾಣದು.

ಬಾಯಿಯ ಕ್ಯಾನ್ಸರನ್ನೇ ಉದಾಹರಣೆಗೆ ಆರಿಸಿದ್ದಕ್ಕೆ ಕೆಲವು ಸದಸ್ಯರು ಮುನಿಸಿಕೊಳ್ಳಬಹುದು. ತಂಬಾಕು ಬೆರೆಸದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿಗೆ ಸೇರಿಸಿದ ವರದಿ 2004ರಲ್ಲಿ ಪ್ರಕಟವಾಯಿತು. ಆ ಕುರಿತ ವಾದವಿವಾದಗಳು ಬೇರೆ ಕಡೆ ನಡೆಯಲಿ. ಅಡಿಕೆ ಬೆಳೆದೇ ನಮ್ಮ ಮನೆಗಳು ನಡೆಯುತ್ತಿವೆ, ನಿಜ. ಆದರೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತು ದಿನವಿಡೀ ಕವಳ ಹಾಕುವವರೂ ನಮ್ಮವರೇ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಕಂಡರೆ ತೋರಿಸಿಕೊಳ್ಳಬೇಕು. ಇದಕ್ಕೂ ಪ್ರಯೋಗದ ಆಧಾರವಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ 13 ಪ್ರದೇಶಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಊರುಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರನೆಯ ಒಂದು ಪಾಲಿನಷ್ಟು ಇಳಿಯಿತೆಂದು 2005ರಲ್ಲಿ ವರದಿಯಾಯಿತು.

ಮಕ್ಕಳ ವಿಷಯ ಬೇರೆಯೇ. ಮಗುವಿನ ಮೇಲೆ ಪ್ರಯೋಗವೆಂದರೆ ಯಾವ ತಾಯಿಯ ಹೊಟ್ಟೆ ಉರಿಯದು? ಆದರೂ ಪ್ರಯೋಗಗಳಿಂದ ಹೆಚ್ಚು ಲಾಭ ಪಡೆದವರು ಮಕ್ಕಳೇ. ರಕ್ತದ ಕ್ಯಾನ್ಸರ್ ಬಂದ ಮಗು 1940ರ ದಶಕದಲ್ಲಿ ಕೆಲವು ವಾರ, ಹೆಚ್ಚೆಂದರೆ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟು, 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ತಗ್ಗಿತೆಂದು 1948ರಲ್ಲಿ ಪ್ರಕಟಿಸಿದರು. ಆ ಔಷಧಿ ಬಂದದ್ದು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿ, ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯದಿಂದ. ಅವರ ಹೆಸರು ನಮ್ಮ ಶಾಲೆಗಳಲ್ಲಿ ಕೇಳಿಬರದಿರುವುದು ವಿಷಾದದ ಸಂಗತಿ. ಅದೇ ವಂಶದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಅಲ್ಲಿಂದ ಮುಂದೆ ಒಂದೊಂದು ಪ್ರಯೋಗದಲ್ಲಿ ಒಂದೊಂದು ಔಷಧಿ ಸೇರಿಸುತ್ತ, ಬೇಡವಾದದ್ದನ್ನು ಬಿಡುತ್ತ ಬಂದು, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಶ್ರೀಮಂತ ದೇಶಗಳಲ್ಲಿ ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಿದ್ದಾರೆ. ಮೊದಲ ಮಕ್ಕಳು ಬಹುಪಾಲು ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಚಿಕಿತ್ಸೆಗೆ ಎರಡರಿಂದ ಮೂರು ವರ್ಷ ಹಿಡಿಯುವುದರಿಂದ, ಮಗು ಆಟವಾಡತೊಡಗಿದೊಡನೆ ಗುಣವಾಯಿತೆಂದು ಅರ್ಧಕ್ಕೆ ನಿಲ್ಲಿಸುವ ಮನೆಗಳುಂಟು. ಪ್ರಯೋಗದಲ್ಲಿರಲಿ, ಇಲ್ಲದಿರಲಿ, ಹಾಗೆ ಮಾಡಬಾರದು.

ಹೊಸದೆಲ್ಲ ಒಳ್ಳೆಯದೆಂದೂ ತಿಳಿಯಬೇಡಿ. ಸ್ತನದ ಕ್ಯಾನ್ಸರಿಗೆ ಅತಿ ಹೆಚ್ಚು ಪ್ರಮಾಣದ ಔಷಧಿ ಕೊಟ್ಟು, ಆಮೇಲೆ ಅಸ್ಥಿಮಜ್ಜೆ ತುಂಬುವ ಕ್ರಮ 1990ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಾರು ಮಹಿಳೆಯರಿಗೆ ನಡೆಯಿತು. ಸರಿಯಾದ ಹೋಲಿಕೆಯ ಪ್ರಯೋಗಗಳ ಫಲ 1999ರಿಂದ ಬಂದಾಗ ಅದರಿಂದ ಆಯುಷ್ಯ ಹೆಚ್ಚಲಿಲ್ಲವೆಂದು ತಿಳಿಯಿತು. ಮೇಲಾಗಿ, ಪರವಾಗಿದ್ದ ಒಂದು ವರದಿ ಮೋಸದ್ದೆಂದು 2000ದಲ್ಲಿ ಬಯಲಾಯಿತು. ಇನ್ನೊಂದು ಕಡೆ, ಕಂಪನಿಗಳು ಕೈಹಾಕದ ಪ್ರಶ್ನೆಯನ್ನು ನಮ್ಮ ವೈದ್ಯರೇ ಎತ್ತಿಕೊಂಡದ್ದೂ ಇದೆ. ನಿವೊಲುಮ್ಯಾಬ್ ಎಂಬ ತುಂಬ ದುಬಾರಿ ಔಷಧಿಯನ್ನು ರೂಢಿಯ ಪ್ರಮಾಣದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ, ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಅಗ್ಗದ ಗುಳಿಗೆಗಳ ಜೊತೆ ಕೊಟ್ಟು ಟಾಟಾ ಆಸ್ಪತ್ರೆಯವರು ನೋಡಿದರು. ಬಾಯಿ ಗಂಟಲಿನ ಮುಂದುವರಿದ ಕ್ಯಾನ್ಸರಿನ 151 ರೋಗಿಗಳಲ್ಲಿ, ಒಂದು ವರ್ಷ ಬದುಕಿದವರು ಗುಳಿಗೆ ಮಾತ್ರ ಪಡೆದವರಲ್ಲಿ ನೂರಕ್ಕೆ 16, ಔಷಧಿಯನ್ನೂ ಪಡೆದವರಲ್ಲಿ 43 ಎಂದು 2022ರಲ್ಲಿ ಪ್ರಕಟಿಸಿದರು.

ಇನ್ನು ರುಜುವಿನ ಮಾತು. ಹೊಸ ಔಷಧಿಗಳ ಪ್ರಯೋಗಕ್ಕೆ ಕೇಂದ್ರ ಸರ್ಕಾರದ 2019ರ ನಿಯಮಗಳಿವೆ. ಆಸ್ಪತ್ರೆಯ ನೀತಿ ಸಮಿತಿಯ ಅನುಮತಿ ಇರಬೇಕು, ರಾಷ್ಟ್ರೀಯ ದಾಖಲೆ ಪಟ್ಟಿಯಲ್ಲಿ ನೋಂದಣಿಯಾಗಿರಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಓದುಬಾರದವರಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಉದ್ದಕ್ಕೂ ಇರಬೇಕು. ಮಕ್ಕಳಾದರೆ ತಂದೆ ಅಥವಾ ತಾಯಿಯ ರುಜು, ಏಳು ವರ್ಷ ದಾಟಿದ ಮಗುವಾದರೆ ಅದರ ಸಮ್ಮತಿಯೂ ಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೇಳುವ ಹಕ್ಕಿದೆ. ಯಾವಾಗ ಬೇಕಾದರೂ ಹೊರಬರಬಹುದು. ಬಂದರೂ, ಮೊದಲೇ ಒಲ್ಲೆನೆಂದರೂ ರೂಢಿಯ ಚಿಕಿತ್ಸೆ ತಪ್ಪಬಾರದು.

ಅಲ್ಲೇ, ಆಗಲೇ ರುಜು ಹಾಕಬೇಕೆಂದೇನೂ ಇಲ್ಲ. ಪತ್ರವನ್ನು ಮನೆಗೆ ತಂದು, ಊರಿನ ವೈದ್ಯರಿಗೊಮ್ಮೆ ತೋರಿಸಿ. ಪ್ರಯೋಗಕ್ಕೆ ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ, ಎಷ್ಟು ಸಲ ಪಟ್ಟಣಕ್ಕೆ ಬರಬೇಕು, ಸ್ಕ್ಯಾನು ರಕ್ತಪರೀಕ್ಷೆಗಳ ಹಣ ಯಾರದು, ಬಸ್ಸಿನ ಖರ್ಚು ಕೊಡುತ್ತಾರೆಯೇ ಎಂದು ನಾಚದೆ ಕೇಳಿ. ಕೊಯ್ಲಿನ ಸಮಯಕ್ಕೆ ಬಂದರೆ ದಿನಾಂಕ ಹಿಂದುಮುಂದು ಮಾಡಬಹುದೇ ಎಂಬುದನ್ನೂ ಕೇಳಬಹುದು. ರುಜು ಹಾಕಿದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಆಸ್ಪತ್ರೆಯ ಚೀಟಿಗಳ ಜೊತೆ ಅದನ್ನು ಜೋಪಾನವಾಗಿಟ್ಟುಕೊಳ್ಳಿ. ಓದಿ ಅರ್ಥವಾಗದ ಸಾಲುಗಳಿದ್ದರೆ ಕಚೇರಿಗೆ ತನ್ನಿ, ಕೂತು ಓದೋಣ.