ಹಿಡಿತ ಬೇಕೆಂದರೆ ಸವೆತ ತಪ್ಪದು

ಅಂದು 2005ರ ಜೂನ್ 19. ಅಮೆರಿಕದ ಇಂಡಿಯಾನಾಪೊಲಿಸ್ ಮೋಟಾರ್ ಸ್ಪೀಡ್‌ವೇಯಲ್ಲಿ ಜನವೋ ಜನ. ಫಾರ್ಮುಲಾ ಒನ್ ಪಂದ್ಯಕ್ಕೆ ಬಂದಿದ್ದ 20 ಕಾರುಗಳು ಆರಂಭಕ್ಕೆ ಮುಂಚಿನ ಸುತ್ತನ್ನು ಮುಗಿಸಿ ಬರುತ್ತಿದ್ದವು. ಇನ್ನೇನು ಸಾಲಾಗಿ ನಿಲ್ಲಬೇಕು ಎನ್ನುವಷ್ಟರಲ್ಲಿ 14 ಕಾರುಗಳು ಒಂದರ ಹಿಂದೊಂದು ಪಿಟ್‌ನತ್ತ ಹೊರಳಿ ನಿಂತುಬಿಟ್ಟವು. ಪಂದ್ಯದಲ್ಲಿ ಓಡಿದ್ದು ಉಳಿದ ಆರು ಕಾರುಗಳು ಮಾತ್ರ. ಹಣ ಕೊಟ್ಟು ಬಂದಿದ್ದ ಪ್ರೇಕ್ಷಕರು ರೊಚ್ಚಿಗೆದ್ದು ಕೂಗಾಡಿದರು.

ಆ 14 ಕಾರುಗಳ ಎಂಜಿನ್ ಕೆಟ್ಟಿರಲಿಲ್ಲ. ಚಾಲಕರು ಮುಷ್ಕರ ಹೂಡಿರಲಿಲ್ಲ. ಕಾರಣ ಒಂದೇ, ಟೈರು. ಎರಡು ದಿನ ಮೊದಲು ಅಭ್ಯಾಸದ ವೇಳೆ ಕೊನೆಯ ತಿರುವಿನಲ್ಲಿ ರಾಲ್ಫ್ ಶೂಮಾಕರ್ ಅವರ ಕಾರಿನ ಎಡ ಹಿಂಬದಿಯ ಟೈರು ಕೈಕೊಟ್ಟು ಕಾರು ಗೋಡೆಗೆ ಅಪ್ಪಳಿಸಿತ್ತು. ಟೈರು ತಯಾರಿಸಿದ ಮಿಶೆಲಿನ್ ಕಂಪೆನಿ ಪರೀಕ್ಷೆ ನಡೆಸಿ, ಆ ತಿರುವಿನಲ್ಲಿ ವೇಗ ತಗ್ಗಿಸದಿದ್ದರೆ ತನ್ನ ಟೈರು 10 ಸುತ್ತುಗಳಿಗಿಂತ ಹೆಚ್ಚು ಬಾಳುವ ಭರವಸೆ ಇಲ್ಲವೆಂದು ಹೇಳಿತು. ಓಡಬೇಕಿದ್ದುದು 73 ಸುತ್ತು. ಪಂದ್ಯದ ನಡುವೆ ಟೈರು ಬದಲಾಯಿಸಲು ಆ ವರ್ಷದ ನಿಯಮದಲ್ಲಿ ಅವಕಾಶವಿರಲಿಲ್ಲ. ಹೀಗಾಗಿ ಮಿಶೆಲಿನ್ ಟೈರಿನ ಎಲ್ಲ ಕಾರುಗಳೂ ಹಿಂದೆ ಸರಿದವು. ಬ್ರಿಜ್‌ಸ್ಟೋನ್ ಟೈರಿನ ಜೋರ್ಡನ್ ಕಾರಿನಲ್ಲಿದ್ದ ನಮ್ಮ ನರೇನ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಗುರಿ ಮುಟ್ಟಿ, ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಮೊದಲ ಭಾರತೀಯರಾದದ್ದು ಇದೇ ಪಂದ್ಯದಲ್ಲಿ.

ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ನಿಲ್ಲಿಸಿಬಿಡುವಂಥದ್ದು ಒಂದು ರಬ್ಬರ್ ಬಳೆಯಲ್ಲಿ ಏನಿದೆ?

ನಾಲ್ಕು ಅಂಗೈ ಜಾಗ

ಸಾಮಾನ್ಯ ಸ್ಪೋರ್ಟ್ಸ್ ಕಾರೊಂದನ್ನೇ ತೆಗೆದುಕೊಳ್ಳೋಣ. ಅದರ ತೂಕ 1,400 ಕಿಲೋ ಎಂದಿಟ್ಟುಕೊಂಡರೆ ಒಂದೊಂದು ಟೈರಿನ ಮೇಲೆ 350 ಕಿಲೋ ಭಾರ. ಟೈರಿನೊಳಗೆ ಚದರ ಅಂಗುಲಕ್ಕೆ 32 ಪೌಂಡ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.2 ಕಿಲೋ ಒತ್ತಡದ ಗಾಳಿ ಇದೆ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಬರುವುದು ಸುಮಾರು 160 ಚದರ ಸೆಂಟಿಮೀಟರ್. ಟೈರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಅಷ್ಟೇ ಜಾಗದಲ್ಲಿ. ಒಂದು ಅಂಗೈ ಅಗಲ!

ವೇಗ ಹೆಚ್ಚಿಸುವುದು, ಬ್ರೇಕ್ ಹಾಕುವುದು, ತಿರುಗಿಸುವುದು, ಎಲ್ಲವೂ ಈ ನಾಲ್ಕು ಅಂಗೈಗಳ ಮೂಲಕವೇ ಆಗಬೇಕು. ಎಂಜಿನ್ ಎಷ್ಟೇ ಬಲಶಾಲಿಯಾದರೂ ನೆಲಕ್ಕೆ ತಲುಪುವುದು ಟೈರು ಹಿಡಿದಷ್ಟು ಮಾತ್ರ. ಭಾರವನ್ನು ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಅದರೊಳಗಿನ ಗಾಳಿ ಎಂಬುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ.

ಗಾಳಿಯನ್ನು ಚಕ್ರಕ್ಕೆ ತುಂಬುವ ಯೋಚನೆ ಹಳೆಯದು. ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತಿತ್ತು, ಚಳಿಗೆ ಪೆಡಸಾಗುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿ ಬಾಳುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಮತ್ತೆ ಅದನ್ನೇ ಮಾಡಿದಾಗ ಲೋಕ ಕಣ್ತೆರೆಯಿತು. 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಮಿಶೆಲಿನ್ ಸಹೋದರರು ಗಾಳಿ ಟೈರು ತೊಡಿಸಿದ ಕಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರ್ ಆಗಿ ಅವರು ಬಹಳ ಹಿಂದೆ ಬಿದ್ದರು. ಆದರೆ ಕಾರಿಗೂ ಗಾಳಿ ಟೈರು ಒಗ್ಗುತ್ತದೆ ಎಂಬುದು ರುಜುವಾತಾಯಿತು. ಅಂದಿನಿಂದ ಇಂದಿನವರೆಗೆ ಓಟದ ಕಾರಿನ ಚರಿತ್ರೆಯಲ್ಲಿ ಅರ್ಧ ಪಾಲು ಟೈರಿನ ಚರಿತ್ರೆಯೇ.

ಸವೆತವೇ ಬೆಲೆ

ಟೈರು ನೆಲವನ್ನು ಹಿಡಿಯುವುದು ಎರಡು ಬಗೆಯಲ್ಲಿ. ರಬ್ಬರು ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಅದಕ್ಕೆ ತಡೆಯೊಡ್ಡುವುದು ಒಂದು. ನೆಲದ ಮೇಲ್ಮೈಗೆ ಕ್ಷಣಮಾತ್ರ ಅಂಟಿ ಬಿಡುವುದು ಇನ್ನೊಂದು. ಎರಡಕ್ಕೂ ರಬ್ಬರು ಮೆತ್ತಗಿರಬೇಕು, ಬೆಚ್ಚಗಿರಬೇಕು. ಮೆತ್ತಗಿನ ರಬ್ಬರು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳಿಕೆ ಬರುತ್ತದೆ, ಆದರೆ ಜಾರುತ್ತದೆ. ಪೆನ್ಸಿಲ್ ಗೆರೆ ಅಳಿಸುವ ರಬ್ಬರನ್ನು ನೆನೆದರೆ ಸಾಕು. ತಾನು ಸವೆಯದೆ ಅದು ಏನನ್ನೂ ಅಳಿಸಲಾರದು.

ಊರಿನ ರಸ್ತೆಯಲ್ಲಿ ವರ್ಷಗಟ್ಟಲೆ ಬಾಳುವ ಟೈರು ಟ್ರ್ಯಾಕಿನಲ್ಲಿ ಕೆಲವೇ ದಿನಗಳಲ್ಲಿ ಮುಗಿದುಹೋಗಲು ಕಾರಣ ಇದು. ರಸ್ತೆಯಲ್ಲಿ ಟೈರಿನ ಶಕ್ತಿಯ ಅಲ್ಪ ಭಾಗವಷ್ಟೇ ಬಳಕೆಯಾಗುತ್ತದೆ. ಟ್ರ್ಯಾಕಿನಲ್ಲಿ ಪ್ರತಿ ತಿರುವಿನಲ್ಲೂ ಅದು ಪೂರ್ತಿ ಬಳಕೆಯಾಗುತ್ತದೆ. ತಿರುವಿನಲ್ಲಿ ಟೈರು ಮುಖ ಮಾಡಿದ ದಿಕ್ಕು ಒಂದು, ಕಾರು ಸಾಗುವ ದಿಕ್ಕು ತುಸು ಬೇರೆ. ಈ ಅಂತರದಲ್ಲಿ ರಬ್ಬರು ಎಳೆದು, ತಿರುಚಿ, ಕೊಂಚ ಜಾರಿ ಬಿಸಿಯೇರುತ್ತದೆ. ಬಿಸಿ ಮಿತಿಮೀರಿದರೆ ಒಳಗಿನ ರಬ್ಬರು ಗುಳ್ಳೆಯೆದ್ದು ಕಿತ್ತುಬರುತ್ತದೆ.

ಇಲ್ಲಿ ಜನಸಾಮಾನ್ಯರ ನಂಬಿಕೆಯೊಂದನ್ನು ತಿದ್ದಬೇಕು. ಟೈರಿನ ಮೇಲಿನ ಕಚ್ಚುಗಳೇ ಹಿಡಿತ ಕೊಡುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಒಣ ಡಾಂಬರಿನಲ್ಲಿ ಹೆಚ್ಚು ಹಿಡಿತ ಕೊಡುವುದು ಕಚ್ಚಿಲ್ಲದ ನುಣುಪು ಟೈರೇ. ಫಾರ್ಮುಲಾ ಒನ್‌ಗೆ 1971ರಲ್ಲಿ ಅಂಥ ಟೈರು ಬಂತು. ತಿರುವಿನ ವೇಗ ತಗ್ಗಿಸಲೆಂದೇ 1998ರಿಂದ 2008ರವರೆಗೆ ಅದನ್ನು ಬಿಟ್ಟು ಗೀರು ಕೊರೆದ ಟೈರನ್ನು ಕಡ್ಡಾಯ ಮಾಡಲಾಗಿತ್ತು. ಕಚ್ಚುಗಳ ಮುಖ್ಯ ಕೆಲಸ ಮಳೆನೀರನ್ನು ಹೊರದೂಡುವುದು. ಹಾಗೆಂದು ರಸ್ತೆಯ ಟೈರನ್ನು ಬೋಳಾಗುವವರೆಗೆ ಓಡಿಸಬಹುದೆಂದಲ್ಲ. ನೀರು ನಿಂತ ರಸ್ತೆಯಲ್ಲಿ ಬೋಳು ಟೈರು ತೇಲಿಬಿಡುತ್ತದೆ. ಕಾರಿನ ಟೈರಿನ ಕಚ್ಚು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕೆಂಬ ಕಾನೂನು ಇರುವುದು ಅದಕ್ಕೇ.

ಕಡಿಮೆಯೂ ಕಷ್ಟ, ಹೆಚ್ಚೂ ಕಷ್ಟ

ಗಾಳಿ ಕಡಿಮೆಯಾದರೆ ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ. ಹಿಡಿತವೂ ಒಂದು ಹಂತದವರೆಗೆ ಹೆಚ್ಚುತ್ತದೆ. ಓಟಗಾರರಿಗೆ ಇರುವ ಆಮಿಷ ಇದೇ. ಆದರೆ ಆ ಹಂತ ದಾಟಿದರೆ ನಡುಭಾಗ ಒಳಕ್ಕೆ ತಗ್ಗಿ ಭಾರವೆಲ್ಲ ಎರಡು ಅಂಚುಗಳ ಮೇಲೆ ಬೀಳುತ್ತದೆ. ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಅದು ಬಿಸಿಯಾಗಿ ಮುರಿಯುವಂತೆ, ಟೈರಿನೊಳಗಿನ ಎಳೆಗಳೂ ಸೋಲುತ್ತವೆ. ಹೊರಗೆ ಏನೂ ಕಾಣದ ಟೈರು ಒಮ್ಮೆಲೇ ಸಿಡಿಯುವುದು ಹೀಗೆ.

ಗಾಳಿ ಹೆಚ್ಚಾದರೆ ಇದಕ್ಕೆ ವಿರುದ್ಧ. ಟೈರಿನ ನಡು ಉಬ್ಬಿ, ನೆಲಕ್ಕೆ ತಾಗುವ ಜಾಗ ಕುಗ್ಗುತ್ತದೆ. ನಡುಭಾಗವಷ್ಟೇ ಕಾದು ಸವೆಯುತ್ತದೆ, ಕಾರು ಜಾರತೊಡಗುತ್ತದೆ.

2013ರ ಜೂನ್ 30ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಮುನ್ನಡೆಯಲ್ಲಿದ್ದ ಲೂಯಿಸ್ ಹ್ಯಾಮಿಲ್ಟನ್ ಅವರ ಎಡ ಹಿಂಬದಿಯ ಟೈರು ಸಿಡಿಯಿತು. ಅದೇ ಪಂದ್ಯದಲ್ಲಿ ಇನ್ನೂ ಹಲವರಿಗೆ ಅದೇ ಗತಿಯಾಯಿತು. ತಯಾರಕರಾದ ಪಿರೆಲಿ ಕೊಟ್ಟ ಕಾರಣಗಳು ನಾಲ್ಕು. ಎಡಬಲ ಅದಲುಬದಲು ಮಾಡಿ ಟೈರು ತೊಡಿಸಿದ್ದು, ಹೇಳಿದ್ದಕ್ಕಿಂತ ಕಡಿಮೆ ಗಾಳಿ, ಚಕ್ರವನ್ನು ಅತಿಯಾಗಿ ಓರೆ ನಿಲ್ಲಿಸಿದ್ದು ಮತ್ತು ತಿರುವಿನ ಎತ್ತರದ ಅಂಚುಗಳ ಮೇಲೆ ಹತ್ತಿಸಿದ್ದು. ಮುಂದಿನ ಪಂದ್ಯದಿಂದ ಅದಲುಬದಲನ್ನು ನಿಷೇಧಿಸಲಾಯಿತು. ಸಿಲ್ವರ್‌ಸ್ಟೋನ್‌ನಲ್ಲಿ ಕಾರುಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓಡುತ್ತವೆ. ಇಂಡಿಯಾನಾಪೊಲಿಸ್‌ನಲ್ಲೂ ಫಾರ್ಮುಲಾ ಒನ್ ಕಾರುಗಳು ಓಡಿದ್ದು ಹಾಗೆಯೇ. ಬಲ ತಿರುವುಗಳೇ ಹೆಚ್ಚಾದಾಗ ಕಾರಿನ ಭಾರ ಎಡಕ್ಕೆ ವಾಲುತ್ತದೆ. ಎರಡೂ ಕಡೆ ಎಡ ಟೈರೇ ಸೋತದ್ದು ಆಶ್ಚರ್ಯವಲ್ಲ.

ಬಿಸಿಯಾದಾಗಿನ ಲೆಕ್ಕವೇ ಬೇರೆ

ಗಾಳಿಗೆ ಇನ್ನೊಂದು ಗುಣವಿದೆ. ಮುಚ್ಚಿದ ಜಾಗದಲ್ಲಿ ಅದು ಕಾದಷ್ಟೂ ಒತ್ತಡ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ಪೌಂಡ್ ತುಂಬಿದ ಟೈರಿನೊಳಗಿನ ಗಾಳಿ 75 ಡಿಗ್ರಿಗೆ ಕಾದರೆ ಒತ್ತಡ ಸುಮಾರು 40 ಪೌಂಡ್ ಆಗುತ್ತದೆ. ಹತ್ತು ಡಿಗ್ರಿಗೆ ಸುಮಾರು ಒಂದೂವರೆ ಪೌಂಡಿನಂತೆ ಏರಿಕೆ. ಗಾಳಿಯಲ್ಲಿ ನೀರಿನ ಅಂಶವಿದ್ದರೆ ಈ ಏರಿಕೆ ಇನ್ನೂ ಹೆಚ್ಚಬಹುದು. ರೇಸಿನವರು ಒಣ ನೈಟ್ರೋಜನ್ ತುಂಬುವುದು ಲೆಕ್ಕ ತಪ್ಪದಿರಲೆಂದು. ನೈಟ್ರೋಜನ್ ಆದರೂ ಕಾದರೆ ಒತ್ತಡ ಏರುವುದು ತಪ್ಪದು.

ಆದ್ದರಿಂದ ಟ್ರ್ಯಾಕಿನಲ್ಲಿ ಮುಖ್ಯವಾದುದು ಬೆಳಿಗ್ಗೆ ತುಂಬಿದ ಗಾಳಿಯಲ್ಲ, ಓಟದ ನಡುವೆ ಇರುವ ಗಾಳಿ. ಅನುಭವಿಗಳು ನಾಲ್ಕಾರು ಸುತ್ತು ಓಡಿಸಿ, ಕೂಡಲೇ ಪಿಟ್‌ಗೆ ತಂದು, ಟೈರು ಆರುವ ಮೊದಲೇ ಅಳೆಯುತ್ತಾರೆ. ಹೆಚ್ಚಿದ್ದರೆ ನಾಲ್ಕೂ ಟೈರಿನಿಂದ ಅಷ್ಟಷ್ಟು ಗಾಳಿ ಬಿಡುತ್ತಾರೆ. ಚೂಪು ಮೊನೆಯ ಉಷ್ಣಮಾಪಕವನ್ನು ರಬ್ಬರಿಗೆ ಚುಚ್ಚಿ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ನೋಡುತ್ತಾರೆ. ನಡು ಹೆಚ್ಚು ಬಿಸಿಯಿದ್ದರೆ ಗಾಳಿ ಹೆಚ್ಚು, ಅಂಚುಗಳು ಬಿಸಿಯಿದ್ದರೆ ಗಾಳಿ ಕಡಿಮೆ. ಉಷ್ಣಮಾಪಕ ಇಲ್ಲದವರಿಗೆ ಸೀಮೆಸುಣ್ಣವೇ ಸಾಕು. ಟೈರಿನ ಅಂಚಿನಿಂದ ಪಕ್ಕದ ಗೋಡೆಯವರೆಗೆ ಗೀಟೆಳೆದು ಓಡಿಸಿ ಬಂದರೆ, ಸುಣ್ಣ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ಮಗುಚಿದೆ ಎಂದರ್ಥ. ಪಕ್ಕದ ಗೋಡೆಯೂ ಉಜ್ಜಿದ್ದರೆ ಗಾಳಿ ಸಾಲದು.

ಶುರುವಿನ ಅಳತೆಯನ್ನೇ ನಂಬಿದರೆ ಏನಾಗಬಹುದೆಂಬುದಕ್ಕೆ 2021ರ ಜೂನ್ 6ರ ಬಾಕು ಪಂದ್ಯ ನಿದರ್ಶನ. ಗಂಟೆಗೆ 300 ಕಿಲೋಮೀಟರಿಗೂ ಮೀರಿ ಓಡುವ ನೇರ ದಾರಿಯಲ್ಲಿ ಮೊದಲು ಲ್ಯಾನ್ಸ್ ಸ್ಟ್ರೋಲ್, ಬಳಿಕ ಗೆಲುವಿನ ಹೊಸ್ತಿಲಲ್ಲಿದ್ದ ಮ್ಯಾಕ್ಸ್ ವರ್‌ಸ್ಟಾಪೆನ್ ಅವರ ಎಡ ಹಿಂಬದಿಯ ಟೈರು ಒಡೆಯಿತು. ಇಬ್ಬರೂ ಪೆಟ್ಟಾಗದೆ ಪಾರಾದರು. ಟೈರಿನ ತಯಾರಿಕೆಯಲ್ಲಿ ದೋಷವಿರಲಿಲ್ಲ, ಆರಂಭದ ಒತ್ತಡವೂ ನಿಯಮದಂತೆಯೇ ಇತ್ತು. ಒಳಗೋಡೆ ಒಡೆದದ್ದು ಓಟದ ವೇಳೆ ಟೈರು ಇದ್ದ ಸ್ಥಿತಿಯಿಂದ ಎಂದು ಪಿರೆಲಿ ತಿಳಿಸಿತು. ನಂತರ ಒತ್ತಡದ ತಪಾಸಣೆಯನ್ನು ಬಿಗಿಗೊಳಿಸಲಾಯಿತು.

ಮನೆಗೆ ಮರಳುವ ಮುನ್ನ

ಇವೆಲ್ಲ ಲೋಕವಿಖ್ಯಾತರ ಕತೆಯಾಯಿತು. ಸ್ವಂತ ಕಾರನ್ನು ಒಂದು ದಿನ ಟ್ರ್ಯಾಕಿನಲ್ಲಿ ಓಡಿಸಿ, ಅದರಲ್ಲೇ ಮನೆಗೆ ಮರಳುವ ಹವ್ಯಾಸಿಗೆ ಅಪಾಯ ಕಾದಿರುವುದು ಟ್ರ್ಯಾಕಿನ ಹೊರಗೆ.

ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಬೆಂಗಳೂರಿನಿಂದ ಹೋದ ಒಬ್ಬ ಚಾಲಕನನ್ನು ಊಹಿಸಿಕೊಳ್ಳಿ. ಬೆಳಿಗ್ಗೆ 32 ಪೌಂಡ್ ಇದ್ದ ಗಾಳಿ ಓಟದಲ್ಲಿ 40ಕ್ಕೆ ಏರಿತು. ಆತ 33ಕ್ಕೆ ಇಳಿಸಿದ. ಕಾರು ಚೆನ್ನಾಗಿ ಹಿಡಿಯಿತು, ದಿನವಿಡೀ ಖುಷಿಯಾಗಿ ಓಡಿಸಿದ. ಸಂಜೆ ಟೈರು ಆರಿದ ಮೇಲೆ ಒಳಗೆ ಉಳಿಯುವುದು ಸುಮಾರು 26 ಪೌಂಡ್ ಮಾತ್ರ. ಬೇಕಾದುದಕ್ಕಿಂತ ಆರು ಪೌಂಡ್ ಕಡಿಮೆ. ಮೇಲಾಗಿ ಟೈರು ದಿನವೆಲ್ಲ ದಣಿದು ಸವೆದಿದೆ. ಡಿಕ್ಕಿಯಲ್ಲಿ ಸಾಮಾನು, ಪಕ್ಕದಲ್ಲಿ ಗೆಳೆಯ, ಮುಂದೆ 300 ಕಿಲೋಮೀಟರಿನ ಹೆದ್ದಾರಿ. ಟ್ರ್ಯಾಕಿನಲ್ಲಿ ಟೈರು ಒಡೆದರೆ ಹೊರಳಲು ಬಯಲಿರುತ್ತದೆ, ತಲೆಗೆ ಹೆಲ್ಮೆಟ್ ಇರುತ್ತದೆ, ಆಂಬುಲೆನ್ಸ್ ಕಾದಿರುತ್ತದೆ. ಹೆದ್ದಾರಿಯಲ್ಲಿ ಎದುರಿಗಿರುವುದು ಲಾರಿ.

ಪರಿಹಾರ ಸುಲಭ. ಹೊರಡುವ ಮೊದಲು ಟೈರು ಪೂರ್ತಿ ತಣಿಯಲು ಬಿಟ್ಟು, ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟು ಗಾಳಿ ತುಂಬಬೇಕು. ಅಂಚು ಕಿತ್ತಿದೆಯೇ, ಗುಳ್ಳೆ ಎದ್ದಿದೆಯೇ, ಎಳೆ ಕಾಣುತ್ತಿದೆಯೇ ಎಂದು ಒಳ ಅಂಚಿನವರೆಗೂ ಬಗ್ಗಿ ನೋಡಬೇಕು. ಇದಕ್ಕೆ ಬೇಕಾದದ್ದು ಒಂದು ಮೀಟರು, ಒಂದು ಪಂಪು ಮತ್ತು ತುಸು ತಾಳ್ಮೆ.

ಟ್ರ್ಯಾಕು ಕಾಣದವರಿಗೂ ಈ ಮಾತು ಹೊರತಲ್ಲ. ಬೇಸಿಗೆಯ ಮಧ್ಯಾಹ್ನ ಹೆದ್ದಾರಿಯಲ್ಲಿ ಓಡಿಬಂದು ಬಂಕಿನಲ್ಲಿ ಅಳೆಸಿದಾಗ ಗಾಳಿ ಹೆಚ್ಚು ಕಂಡರೆ ಅದನ್ನು ಬಿಡಿಸುವವರು ಇದ್ದಾರೆ. ಟೈರು ಬಿಸಿಯಾಗಿರುವುದರಿಂದ ಹೆಚ್ಚು ಕಂಡಿದೆ ಅಷ್ಟೆ. ಅಳೆಯಬೇಕಾದದ್ದು ಬೆಳಿಗ್ಗೆ, ಕಾರು ತಣ್ಣಗಿರುವಾಗ. ಇಂಡಿಯಾನಾಪೊಲಿಸ್‌ನಲ್ಲಿ 14 ಕಾರುಗಳು ಓಡದೆ ನಿಂತದ್ದನ್ನು ಅಂದು ಜನ ಅವಮಾನವೆಂದರು. ಟೈರು ಇನ್ನು ತಾಳದು ಎಂದು ತಿಳಿದ ಮೇಲೂ ಓಡಿಸದೆ ಇದ್ದುದರಿಂದ ಆ 14 ಚಾಲಕರೂ ಅಂದು ಸುರಕ್ಷಿತವಾಗಿ ಮರಳಿದರು ಎಂಬುದನ್ನೂ ನೆನೆಯಬೇಕು.