ಓಮ್ನಿ ಎಣ್ಣೆ ಸೋರಿದರೆ ಗಾಬರಿ ಬೇಡ

ಕುಂದಗೋಳದಲ್ಲಿರುವ ನಮ್ಮ ವೈನಿ ದಿನಾ ನಸುಕಿನ ನಾಲ್ಕಕ್ಕೆ ಏಳುತ್ತಾರೆ. ಇಬ್ಬರು ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಕೆಂಪುಖಾರ ಡಬ್ಬಿಗೆ ತುಂಬಿ, ಎಂಟರೊಳಗೆ ಹುಬ್ಬಳ್ಳಿಯ ಖಾನಾವಳಿಗಳಿಗೆ ಮುಟ್ಟಿಸಬೇಕು. ಅಣ್ಣ ತೀರಿಕೊಂಡ ಮೇಲೆ ಮನೆ ನಡೆಯುತ್ತಿರುವುದು ಈ ರೊಟ್ಟಿಯ ಮೇಲೆ. ರೊಟ್ಟಿ ಹುಬ್ಬಳ್ಳಿಗೆ ಹೋಗುವುದು ಅಣ್ಣ ಬಿಟ್ಟುಹೋದ ಹಳೆಯ ಮಾರುತಿ ಓಮ್ನಿಯಲ್ಲಿ. ಓಡಿಸುವವರು ವೈನಿಯೇ.

ಕಳೆದ ಬೇಸಿಗೆಯಲ್ಲಿ ನಾನು ಹೋದಾಗ ಅವರ ಮುಖ ಬಾಡಿತ್ತು. ಅಂಗಳದ ಫರಸಿಯ ಮೇಲೆ ರೊಟ್ಟಿಯಷ್ಟಗಲ ಕಪ್ಪು ಕಲೆ. ಗಾಡಿ ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ, "ಪೂರಾ ಇಂಜಿನ್ ಬಿಚ್ಚಬೇಕ್ರೀ ಅಕ್ಕಾರ, ಅದರ ಬದಲಿ ಮಾರಿಬಿಡ್ರಿ" ಎಂದಿದ್ದರಂತೆ. ಗುಜರಿಯವನು ಹೇಳಿದ ರೇಟು ಕೇಳಿ ವೈನಿ ಆ ರಾತ್ರಿ ಊಟ ಮಾಡಿರಲಿಲ್ಲ. "ಗಾಡಿ ಹೋದ್ರ ರೊಟ್ಟೀನೂ ಹೋತು ನೋಡು. ಬಸ್ಸಿನ್ಯಾಗ ಇಷ್ಟು ಬುಟ್ಟಿ ಹೊತ್ಕೊಂಡು ಹೆಂಗ ಹೋಗ್ಲಿ?"

ಆಗ ನೆರವಿಗೆ ಬಂದವರು ಪಕ್ಕದ ಮನೆಯ ಕಾಕಾ. ಎರೆಹೊಲದ ಟ್ರ್ಯಾಕ್ಟರ್ ರಿಪೇರಿಯಲ್ಲೇ ಕೂದಲು ಬೆಳ್ಳಗಾದವರು. ಅವರು ಹೇಳಿದ್ದು ಒಂದೇ ಮಾತು. "ಎಣ್ಣಿ ಕೆಳಗ ಬೀಳತೈತಿ ಅಂತ ಕೆಳಗ ನೋಡಬ್ಯಾಡವಾ ತಂಗಿ, ಮ್ಯಾಲಿಂದ ನೋಡ್ಕೋತ ಬಾ." ಆ ಎರಡು ದಿನಗಳಲ್ಲಿ ನಾವು ಕಲಿತದ್ದನ್ನು ನಿಮಗೂ ಹೇಳುತ್ತಿದ್ದೇನೆ.

ಮೊದಲು ಗಾಡಿಯ ಪರಿಚಯ

ಮಾರುತಿ ವ್ಯಾನ್ ರಸ್ತೆಗಿಳಿದದ್ದು 1984ರಲ್ಲಿ. 1988ರಲ್ಲಿ ಅದಕ್ಕೆ ಓಮ್ನಿ ಎಂಬ ಹೆಸರು ಬಂತು. 2019ರಲ್ಲಿ ತಯಾರಿಕೆ ನಿಂತಿತು. ಅಂದರೆ ಇಂದು ಓಡುವ ಓಮ್ನಿಗಳೆಲ್ಲ ವಯಸ್ಸಾದವೇ. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಇಂಜಿನ್ ಮುಂದಿನ ಸೀಟುಗಳ ಕೆಳಗೇ ಕೂತಿದೆ. ಇದರಲ್ಲಿ ಒಂದು ಅನುಕೂಲ, ಒಂದು ಅಪಾಯ. ಸೀಟು ಎತ್ತಿದರೆ ಇಂಜಿನ್ನಿನ ಮೇಲ್ಭಾಗ ಕೈಗೆ ಸಿಗುತ್ತದೆ, ಇದು ಅನುಕೂಲ. ಸೋರಿದ ಎಣ್ಣೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊಗೆ, ಸುಟ್ಟ ವಾಸನೆ ನೇರ ಒಳಗೇ ಬರುತ್ತದೆ; ಬೆಂಕಿಯ ಭಯವೂ ಉಂಟು. ಆದ್ದರಿಂದ "ಹಳೇ ಗಾಡಿ, ಸೋರೂದ ಸಹಜ" ಎಂದು ಸುಮ್ಮನಿರಬಾರದು. ಮಕ್ಕಳನ್ನು ಕೂರಿಸಿಕೊಂಡು ಹೋಗುವವರಂತೂ ಖಂಡಿತ ಸುಮ್ಮನಿರಬಾರದು.

ಸೋರುತ್ತಿರುವುದು ಯಾವುದು?

ರಾತ್ರಿ ಗಾಡಿಯ ಕೆಳಗೆ ಹಳೆಯ ಪೇಪರ್ ಇಲ್ಲವೇ ರಟ್ಟು ಹಾಸಿ. ಬೆಳಿಗ್ಗೆ ಕಲೆ ನೋಡಿ. ಕಂದು ಅಥವಾ ಕಪ್ಪು ಬಣ್ಣ, ಬೆರಳಿಗೆ ಜಿಡ್ಡು ಎಂದರೆ ಇಂಜಿನ್ ಆಯಿಲ್. ಇನ್ನೂ ದಪ್ಪಗಿದ್ದು ಘಾಟು ವಾಸನೆ ಬಂದರೆ ಗೇರ್ ಆಯಿಲ್. ನೀರಿನಂತೆ ತೆಳ್ಳಗೆ ಹಸಿರೋ ನೀಲಿಯೋ ಇದ್ದರೆ ರೇಡಿಯೇಟರಿನ ಕೂಲಂಟ್. ಚಕ್ರದ ಹತ್ತಿರ ತಿಳಿಯಾದ ಜಾರುವ ದ್ರವ ಕಂಡರೆ ಬ್ರೇಕ್ ಆಯಿಲ್ ಇರಬಹುದು. ಹಾಗಿದ್ದರೆ ಗಾಡಿ ಕದಲಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಬಳಿಕ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆಯಿರಿ. ಒರೆಸಿ, ಮತ್ತೆ ಪೂರ್ತಿ ಹಾಕಿ ತೆಗೆಯಿರಿ. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಕೆಳಗೆರೆಗಿಂತ ಇಳಿದಿದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ ನೋಡಿ. ಸೋರುತ್ತದೆಂದು ಮೇಲ್ಗೆರೆ ದಾಟಿಸಿ ತುಂಬಿದರೆ ಸೋರಿಕೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಪೌಡರ್ ಡಬ್ಬಿಯ ಉಪಾಯ

ಎಣ್ಣೆ ಮೇಲಿನಿಂದ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಮೊದಲು ಇಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ವಾಯರ್ ಬಿಚ್ಚಿ. ಡೈನಮೋ, ಪ್ಲಗ್ ವಾಯರ್, ಡಿಸ್ಟ್ರಿಬ್ಯೂಟರ್ ಇದ್ದಲ್ಲಿ ಪ್ಲಾಸ್ಟಿಕ್ ಚೀಲ ಮುಚ್ಚಿ. ಸೋಪಿನ ಪುಡಿಯ ನೀರಿನಲ್ಲಿ ಹಳೆಯ ಬ್ರಶ್ ಅದ್ದಿ ಜಿಡ್ಡು ತಿಕ್ಕಿ ಒರೆಸಿ. ಪೈಪಿನಿಂದ ನೀರು ಹೊಡೆಯಬೇಡಿ. ಪೆಟ್ರೋಲಿನಲ್ಲಿ ತೊಳೆಯುವುದಂತೂ ಬೇಡವೇ ಬೇಡ.

ಒಣಗಿದ ಮೇಲೆ ಅನುಮಾನವಿರುವ ಜೋಡಣೆಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ವಾಯರ್ ಜೋಡಿಸಿ, ಬಯಲಲ್ಲಿ ಗಾಡಿ ಹತ್ತು ಹದಿನೈದು ನಿಮಿಷ ಚಾಲೂ ಇಡಿ. ಸೆರಗು, ಓಢಣಿ, ಜಡೆ, ಬಳೆ ಯಾವುದೂ ಬೆಲ್ಟಿನ ಹತ್ತಿರ ಹೋಗದಂತೆ ಎಚ್ಚರ. ಆಮೇಲೆ ಇಂಜಿನ್ ಬಂದ್ ಮಾಡಿ ಟಾರ್ಚ್ ಹಿಡಿಯಿರಿ. ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಎದ್ದು ಕಾಣುತ್ತದೆ. ಆ ಗೆರೆಯ ಅತಿ ಮೇಲಿನ ತುದಿಯೇ ಸೋರುವ ಜಾಗ.

ನಮ್ಮ ಗಾಡಿಯಲ್ಲಿ ಗೆರೆ ಶುರುವಾಗಿದ್ದು ಎಲ್ಲಕ್ಕಿಂತ ಮೇಲಿರುವ ಟ್ಯಾಪೆಟ್ ಕವರಿನ ಅಂಚಿನಿಂದ. ಕಾಕಾ ನಕ್ಕರು. "ನೋಡವಾ, ಇಂಜಿನ್ ಬಿಚ್ಚೂದ ಬ್ಯಾಡ. ಮುಚ್ಚಳದ ರಬ್ಬರ್ ಸತ್ತೈತಿ, ಅಷ್ಟ." ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾದರೆ ಹಬೆ ಹೇಗೆ ಸೋರುತ್ತದೋ ಇದೂ ಹಾಗೆಯೇ. ಶಾಖಕ್ಕೆ ರಬ್ಬರ್ ಬಿರುಸಾಗಿ ಸೀಳುತ್ತದೆ.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸುವುದು

ಬೇಕಾದ ಸಾಮಾನು: ಪಾನಾ ಸೆಟ್, ನಿಮ್ಮ ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿ ತಂದ ಹೊಸ ಪ್ಯಾಕಿಂಗ್, ಹಳೆಯ ಪ್ಲಾಸ್ಟಿಕ್ ಸ್ಕೇಲ್, ನೂಲು ಬಿಡದ ಬಟ್ಟೆ.

* ತಣ್ಣಗಿರುವ ಇಂಜಿನ್ನಿನಲ್ಲೇ ಕೆಲಸ. ಬ್ಯಾಟರಿಯ ನೆಗೆಟಿವ್ ವಾಯರ್ ಬಿಚ್ಚಿ.

* ಅಡ್ಡ ಬರುವ ಪೈಪು, ವಾಯರುಗಳಿಗೆ ಟೇಪು ಸುತ್ತಿ 1, 2, 3 ಎಂದು ಬರೆದು ಬಿಚ್ಚಿ. ಮೊದಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಬೋಲ್ಟು, ವಾಶರುಗಳನ್ನು ಒಂದು ತಾಟಿನಲ್ಲಿ ಅದೇ ಕ್ರಮದಲ್ಲಿಡಿ.

* ಕವರ್ ಅಂಟಿಕೊಂಡಿದ್ದರೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಂಚಿಗೆ ಗಾಯವಾಗಿ ಅಲ್ಲಿಂದಲೇ ಮತ್ತೆ ಸೋರುತ್ತದೆ.

* ತೆರೆದ ಇಂಜಿನ್ನಿನ ಮೇಲೆ ಬಟ್ಟೆ ಮುಚ್ಚಿ. ಹಳೆಯ ರಬ್ಬರಿನ ಚೂರೊಂದೂ ಒಳಗೆ ಬೀಳಕೂಡದು. ಎರಡೂ ಅಂಚುಗಳನ್ನು ಸ್ಕೇಲಿನಿಂದ ಕೆರೆದು ಒಣಗುವಂತೆ ಒರೆಸಿ.

* ಹೊಸ ಪ್ಯಾಕಿಂಗ್ ತಿರುಚದಂತೆ ಕೂರಿಸಿ ಕವರ್ ಇಡಿ. ಮುಚ್ಚುವ ಮುನ್ನ ಒಳಗೆ ಮುಚ್ಚಿದ್ದ ಬಟ್ಟೆ ತೆಗೆದಿರೋ ಇಲ್ಲವೋ ನೋಡಿಕೊಳ್ಳಿ!

* ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ, ಆಮೇಲೆ ಪಾನಾದಿಂದ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜೋರು ಹಾಕಿದರೆ ಪ್ಯಾಕಿಂಗ್ ಹಿಸುಕಿ ಹೊರಬರುತ್ತದೆ. ಇಲ್ಲಿ ಬೇಕಾದದ್ದು ಶಕ್ತಿ ಅಲ್ಲ, ಸಮ.

ಇದರ ಜೊತೆಗೇ ಕವರಿನಿಂದ ಏರ್ ಫಿಲ್ಟರ್ ಕಡೆಗೆ ಹೋಗುವ ಬ್ರೀದರ್ ಪೈಪ್ ನೋಡಿ. ಅದು ಕಸ ಕಟ್ಟಿಕೊಂಡರೆ ಇಂಜಿನ್ನಿನೊಳಗೆ ಒತ್ತಡ ಹೆಚ್ಚಿ ಹೊಸ ಪ್ಯಾಕಿಂಗ್ ಹಾಕಿದರೂ ಎಣ್ಣೆ ದಾರಿ ಹುಡುಕಿಕೊಳ್ಳುತ್ತದೆ. ನಮ್ಮದರಲ್ಲಿ ಅರ್ಧ ಪೈಪು ಕರಿ ಮಣ್ಣಿನಂಥ ಜಿಡ್ಡೇ ಇತ್ತು.

ಕೆಳಗಿನ ಸುಲಭದ ಜಾಗಗಳು

ಆಯಿಲ್ ಬದಲಿಸಿದ ಮೇಲೆ ಸೋರಿಕೆ ಶುರುವಾಗಿದ್ದರೆ ಎರಡು ಕಡೆ ನೋಡಿ. ಒಂದು, ಡ್ರೇನ್ ಬೋಲ್ಟಿನ ವಾಶರ್. ಪ್ರತಿ ಸಲ ಹೊಸದು ಹಾಕಬೇಕು. ಇನ್ನೊಂದು, ಆಯಿಲ್ ಫಿಲ್ಟರ್. ಹಳೆಯದರ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿ ಉಳಿದಿದ್ದರೆ ತೆಗೆಯಬೇಕು. ಹೊಸದರ ರಿಂಗಿಗೆ ಬೆರಳಿನಿಂದ ಹೊಸ ಎಣ್ಣೆ ಸವರಿ, ಕೈಯಿಂದಲೇ ಬಿಗಿ ಮಾಡಿ.

ಗಾಡಿಯ ಕೆಳಗೆ ಹೋಗುವುದಾದರೆ ಬರೀ ಜಾಕನ್ನು ನಂಬಬೇಡಿ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗಟ್ಟಿ ಸ್ಟ್ಯಾಂಡ್ ಇಟ್ಟ ಮೇಲಷ್ಟೇ ಹೋಗಿ. ಸ್ಟ್ಯಾಂಡ್ ಇಲ್ಲವೆಂದರೆ ಆ ಕೆಲಸ ಗ್ಯಾರೇಜಿಗೇ ಬಿಡಿ.

ಯಾವುದು ನಮ್ಮ ಕೈಯ ಕೆಲಸವಲ್ಲ?

ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ತೊಟ್ಟಿಕ್ಕಿದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಟೈಮಿಂಗ್ ಬೆಲ್ಟಿನ ಕಡೆ ಎಣ್ಣೆ ಕಂಡರೂ ಮೆಕ್ಯಾನಿಕ್ಕೇ ಬೇಕು; ಎಣ್ಣೆ ಕುಡಿದ ಬೆಲ್ಟ್ ಬಾಳುವುದಿಲ್ಲ. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಹಾಕಿದ ಚಹಾದಂತೆ ಕಂಡರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಓಡಿಸಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಹೂಜಿಯ ಕೆಂಪು ದೀಪ ಹತ್ತಿದರೆ "ಇನ್ನೊಂದೀಟು ದೂರ" ಎನ್ನದೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಎಣ್ಣೆಯಿಲ್ಲದೆ ಓಡಿದ ಕೆಲವೇ ನಿಮಿಷಗಳಲ್ಲಿ ಇಂಜಿನ್ ಜಾಮ್ ಆದೀತು.

ಆದರೂ ಗ್ಯಾರೇಜಿಗೆ ಹೋಗುವಾಗ ನೀವು ಪುಡಿ ಹಾಕಿ ನೋಡಿದ್ದರೆ, "ಸೋರೂದು ಇಲ್ಲಿಂದ" ಎಂದು ಬೆರಳು ತೋರಿಸಬಹುದು. ಆಗ ಇಲ್ಲದ ಕೆಲಸದ ಬಿಲ್ಲು ಬರುವುದು ಕಷ್ಟ. ಬದಲಿಸಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಳ್ಳಿ.

ಹಳೆ ಎಣ್ಣೆ ಎಲ್ಲಿಗೆ?

ಬಸಿದ ಎಣ್ಣೆಯನ್ನು ಗಟಾರಕ್ಕೋ ಹೊಲದ ಬದುವಿಗೋ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಅದೂ ಸೇರಿದೆ. ಕ್ಯಾನಿಗೆ ತುಂಬಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಚೆಲ್ಲಿದ್ದರ ಮೇಲೆ ಮರದ ಹೊಟ್ಟು ಇಲ್ಲವೇ ಮರಳು ಹಾಕಿ ಗುಡಿಸಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಒಲೆಯಿಂದ ದೂರವಿಡಿ. ಕೆಲಸ ಮುಗಿದ ಮೇಲೆ ಕೈಯನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆದೇ ಹಿಟ್ಟು ಮುಟ್ಟಿ.

ಮತ್ತೆ ಹುಬ್ಬಳ್ಳಿ ದಾರಿ

ನಮ್ಮ ವೈನಿಗೆ ಹೊಸ ಪ್ಯಾಕಿಂಗಿಗೆ ಹೋದ ದುಡ್ಡು ಒಂದು ದಿನದ ರೊಟ್ಟಿ ವ್ಯಾಪಾರಕ್ಕಿಂತ ಕಡಿಮೆ. ಪೂರ್ತಿ ನಿಂತಿತೇ ಎಂದು ಕೇಳುತ್ತೀರಾ? ಇಲ್ಲ. ಮರುದಿನ ರಟ್ಟಿನ ಮೇಲೆ ಎರಡು ಹನಿ ಇದ್ದವು. ಹಿಂದಿನ ಸೀಲ್ ಕೂಡ ಹಳತಾಗಿದೆ. ಅದನ್ನು ದೀಪಾವಳಿ ಆರ್ಡರಿನ ದುಡ್ಡು ಬಂದ ಮೇಲೆ ಗ್ಯಾರೇಜಿನಲ್ಲೇ ಮಾಡಿಸುವುದೆಂದು ಮಾತಾಯಿತು. ಅಲ್ಲಿಯವರೆಗೆ ದಿನಾ ಗಾಡಿ ತೆಗೆಯುವ ಮುನ್ನ ಡಿಪ್‌ಸ್ಟಿಕ್, ರಾತ್ರಿ ರಟ್ಟು.

ಮೊನ್ನೆ ಫೋನ್ ಮಾಡಿದ್ದೆ. ರೊಟ್ಟಿಯ ಲೆಕ್ಕ ಬರೆಯುವ ವಹಿಯಲ್ಲೇ ಈಗ ಎಣ್ಣೆಯ ಲೆಕ್ಕವನ್ನೂ ಬರೆದಿಡುತ್ತಿದ್ದಾರಂತೆ. "ಎರಡು ಹನಿ ಮೂರು ಆದ್ರ ನನಗ ಗೊತ್ತಾಗತೈತಿ. ಮೊದಲು ಕಲೆ ನೋಡಿದ್ರ ಹೆದರಿಕಿ ಬರ್ತಿತ್ತು. ಈಗ ಬರೂದಿಲ್ಲ" ಎಂದರು. ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.