ಬಣ್ಣ ಬದಲಿಸುವ ಗೋಸುಂಬೆ ಊಟ ಬದಲಿಸದು!

ಹೊತ್ತಿಗೊಂದು ಮಾತು, ಸಂದರ್ಭಕ್ಕೊಂದು ಬಣ್ಣ ತಾಳುವ ಮನುಷ್ಯನನ್ನು 'ಗೋಸುಂಬೆ' ಎಂದು ಹಳಿಯುವುದು ಕನ್ನಡನಾಡಿನಲ್ಲಿ ಬಹುಕಾಲದ ರೂಢಿ. ಚಂಚಲತೆಗೆ ಅದಕ್ಕಿಂತ ತಕ್ಕ ಉಪಮೆ ಬೇರೊಂದಿಲ್ಲವೆಂದೇ ಜನರ ಭಾವನೆ. ಆದರೆ ಆ ಪ್ರಾಣಿಯನ್ನು ಮನೆಯಲ್ಲಿಟ್ಟು ಸಾಕಿದವರು ಹೇಳುವ ಕಥೆಯೇ ಬೇರೆ. ಮೈಬಣ್ಣದಲ್ಲಿ ಅದೆಷ್ಟು ಚಂಚಲವೋ ಊಟದಲ್ಲಿ ಅಷ್ಟೇ ಹಟಮಾರಿ!

ಅಮೆರಿಕ, ಜರ್ಮನಿ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಗೋಸುಂಬೆ ಸಾಕುವ ಹವ್ಯಾಸಿಗಳು ಬಹು ಮಂದಿ. ಯೆಮೆನ್ ದೇಶದ, ತಲೆಯ ಮೇಲೆ ಎತ್ತರವಾದ ಕಿರೀಟ ಹೊತ್ತ ಜಾತಿಯೂ ಮಡಗಾಸ್ಕರ್ ದ್ವೀಪದ, ಹಲವು ವರ್ಣಗಳ 'ಪ್ಯಾಂಥರ್' ಜಾತಿಯೂ ಅವರಿಗೆ ಅಚ್ಚುಮೆಚ್ಚು. ಜಾಲರಿಯ ಎತ್ತರದ ಪಂಜರ, ಒಳಗೊಂದು ಹಸಿರು ಗಿಡ, ಮೇಲೆ ಬಿಸಿಲಿನ ಕೆಲಸ ಮಾಡುವ ದೀಪ—ಇದೇ ಅದರ ಅರಮನೆ. ಊಟಕ್ಕೆ ಅಂಗಡಿಯಿಂದ ಡಬ್ಬಿಯಲ್ಲಿ ತಂದ ಸಜೀವ ಜೀರುಂಡೆ. ತಿಂಗಳುಗಟ್ಟಲೆ ಅವನ್ನು ಚಪ್ಪರಿಸಿದ ಪ್ರಾಣಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮುಖ ತಿರುಗಿಸುತ್ತದೆ. ಜೀರುಂಡೆ ಬೇಡವಾಯಿತೆಂದು ಜಿರಲೆಯನ್ನು ತಂದಿಟ್ಟರೆ ಒಂದು ಕಣ್ಣಿನಿಂದ ಅದನ್ನು ನೋಡಿ, ಇನ್ನೊಂದು ಕಣ್ಣನ್ನು ಗೋಡೆಯತ್ತ ಹೊರಳಿಸಿ, ಕೊಂಬೆಯ ಮೇಲೆ ಮೌನವಾಗಿ ಕುಳಿತುಬಿಡುತ್ತದೆ. ಇದು ಎರಡು ದಿನವಾಗಿ, ನಾಲ್ಕು ದಿನವಾದಾಗ ಮನೆಯವರ ಕಳವಳ ಹೇಳತೀರದು.

ಒಂದೇ ಊಟದ ಅಪಾಯ

ಜೀರುಂಡೆಯೊಂದನ್ನೇ ತಿಂದುಕೊಂಡಿದ್ದರೆ ಏನು ಕೆಟ್ಟಿತು ಎಂದು ಕೇಳಬಹುದು. ಕೆಡುವುದು ಮೂಳೆ. ಬಹುಪಾಲು ಕೀಟಗಳ ದೇಹದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರ ಕಡಮೆ. ಸುಣ್ಣ ಸಾಲದೆ ಹೋದಾಗ ದೇಹವು ತನ್ನ ಮೂಳೆಯಿಂದಲೇ ಅದನ್ನು ಕಡ ತರುತ್ತದೆ. ಕಾಲುಗಳು ಬಾಗುತ್ತವೆ, ದವಡೆ ಮೆತ್ತಗಾಗುತ್ತದೆ, ಕೊಂಬೆಯನ್ನು ಹಿಡಿಯುವ ಶಕ್ತಿಯೇ ಉಡುಗುತ್ತದೆ. ಆದ್ದರಿಂದಲೇ ಬಲ್ಲವರು ಕೀಟಗಳಿಗೆ ಮೊದಲು ಒಂದೆರಡು ದಿನ ಒಳ್ಳೆಯ ಸೊಪ್ಪು, ಗಜ್ಜರಿ ತಿನ್ನಿಸಿ, ಮೇಲೆ ಸುಣ್ಣದ ಪುಡಿ ಉದುರಿಸಿ ಬಡಿಸುತ್ತಾರೆ. ಆ ಸುಣ್ಣ ಮೈಗೆ ಹತ್ತಲೆಂದು ನೇರಳಾತೀತ ಕಿರಣದ ದೀಪವನ್ನೂ ಉರಿಸುತ್ತಾರೆ. ಹಲವು ಬಗೆಯ ಕೀಟಗಳು ಸೇರಿದ ಊಟವಾದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇನ್ನೊಂದು ಅಪಾಯ ಪೇಟೆಯದು. ಸಾಕಿದ ಮನೆ ಜೀರುಂಡೆಗಳಿಗೆ ತಗಲುವ ಮಾರಕ ವೈರಸ್ ಒಂದುಂಟು. ಯೂರೋಪಿನ ಸಾಕಣೆ ಕೇಂದ್ರಗಳನ್ನು ಮೊದಲೇ ಕಾಡಿದ್ದ ಆ ರೋಗವು 2010ರ ಹೊತ್ತಿಗೆ ಅಮೆರಿಕವನ್ನೂ ಹೊಕ್ಕು ಅನೇಕ ಕೇಂದ್ರಗಳನ್ನು ಹಾಳುಗೆಡವಿತು. ಇಂತಹ ಕಾಲದಲ್ಲಿ ಜೀರುಂಡೆಯ ಹೊರತು ಬೇರೇನನ್ನೂ ಅರಿಯದ ಗೋಸುಂಬೆಯ ಗತಿಯೇನು?

ಮೊದಲು ಕಣ್ಣು, ಆಮೇಲೆ ನಾಲಗೆ

ಅದರ ಹಟವನ್ನು ಬಿಡಿಸಬೇಕಾದರೆ ಅದು ಬೇಟೆಯನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ತಿಳಿಯಬೇಕು. ಗೋಸುಂಬೆಯ ಬೇಟೆಯೆಲ್ಲ ಕಣ್ಣಿನಿಂದ. ಎರಡು ಕಣ್ಣುಗಳೂ ಬೇರೆ ಬೇರೆ ದಿಕ್ಕಿನಲ್ಲಿ ಹೊರಳಬಲ್ಲವು. ಕೀಟವೊಂದು ಕಂಡೊಡನೆ ಎರಡೂ ಅದರ ಮೇಲೆ ನೆಡುತ್ತವೆ. ಅನಂತರವೇ ನಾಲಗೆಯ ಪ್ರಯೋಗ. ತನ್ನ ಮೈಯುದ್ದಕ್ಕಿಂತಲೂ ಮುಂದೆ ಚಿಮ್ಮುವ ಆ ನಾಲಗೆಯ ತುದಿಯಲ್ಲಿರುವ ಅಂಟು ಮನುಷ್ಯನ ಜೊಲ್ಲಿಗಿಂತ ಸುಮಾರು 400 ಪಟ್ಟು ಮಂದವೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 1977ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿಜ್ಞಾನಿಗಳು ಗೋಸುಂಬೆಯ ಕಣ್ಣಿನ ಮುಂದೆ ಕನ್ನಡಕದ ಗಾಜನ್ನಿಟ್ಟರು. ನಾಲಗೆಯ ಗುರಿ ತಪ್ಪಿತು! ಕಣ್ಣು ಅಳೆದಷ್ಟೇ ದೂರ ಅದರ ನಾಲಗೆಗೆ ಗೊತ್ತು.

ಹೀಗಿರುವಾಗ ಅಲುಗಾಡದ ಹುಳು ಅದರ ಪಾಲಿಗೆ ಊಟವೇ ಅಲ್ಲ. ಸತ್ತಂತೆ ಬಿದ್ದುಕೊಳ್ಳುವ ಅಥವಾ ಮರೆ ಸೇರಿ ಅಡಗುವ ಜಿರಲೆಯನ್ನು ಅದು ತಿರಸ್ಕರಿಸಿತೆಂದು ಸಾಕುವವರು ಕೊರಗುತ್ತಾರೆ. ನಿಜವಾಗಿ ಅದು ಜಿರಲೆಯನ್ನು ಕಂಡೇ ಇರುವುದಿಲ್ಲ.

ಹಟ ಬಿಡಿಸುವ ಬಗೆ

ಪಳಗಿದ ಹವ್ಯಾಸಿಗಳು ಅವಸರಪಡುವುದಿಲ್ಲ. ಬೆಳಿಗ್ಗೆ ದೀಪದ ಶಾಖಕ್ಕೆ ಮೈಯೊಡ್ಡಿ ಚುರುಕಾದ ಹೊತ್ತಿನಲ್ಲಿ, ಹಿಂದಿನ ದಿನ ಊಟವಿಲ್ಲದೆ ಹಸಿದಿರುವಾಗ, ಹೊಸ ಕೀಟವನ್ನು ಒಂದೊಂದಾಗಿ ಮುಂದಿಡುತ್ತಾರೆ. ಕೀಟದ ಉದ್ದವು ಗೋಸುಂಬೆಯ ಎರಡು ಕಣ್ಣುಗಳ ನಡುವಣ ಅಗಲವನ್ನು ಮೀರಬಾರದೆಂಬುದು ಅವರ ಅಳತೆ. ಹಳೆಯ ಜೀರುಂಡೆ ತುಂಬಿದ ಬಟ್ಟಲಿನಲ್ಲಿಯೇ ಹೊಸದೊಂದನ್ನು ಬೆರೆಸುವುದು ಇನ್ನೊಂದು ಉಪಾಯ. ನೊಣ, ಚಿಟ್ಟೆಯಂತಹ ಹಾರುವ ಕೀಟ ಪಂಜರದೊಳಗೆ ಸುಳಿದರೆ ಎಂತಹ ಹಟಮಾರಿಗೂ ಬೇಟೆಯ ಹುರುಪು ಮರಳುವುದುಂಟು. ಕೊಂಬೆಯ ಮೇಲೆ ಹರಿದಾಡುವ ರೇಷ್ಮೆಹುಳುವೂ ಹಲವು ವೇಳೆ ಗೆಲ್ಲುತ್ತದೆ. ರಾಮನಗರದ ಸೀಮೆಯ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಮೇಯುವ ಅದೇ ಹುಳು ಸಾಗರದಾಚೆ ಗೋಸುಂಬೆಯ ಮೃಷ್ಟಾನ್ನ!

ಊಟವಿಟ್ಟ ಮೇಲೆ ದೂರ ಸರಿಯುವುದು ಮುಖ್ಯ. ಗೋಸುಂಬೆ ಸಂಕೋಚದ ಪ್ರಾಣಿ. ಎದುರು ನಿಂತು ನೋಡುವ ಮನುಷ್ಯ ಅದರ ಕಣ್ಣಿಗೆ ಶತ್ರುವೇ. ತಿನ್ನದೆ ಉಳಿದ ಜೀರುಂಡೆಗಳನ್ನು ಸಂಜೆಯೊಳಗೆ ತೆಗೆಯಬೇಕು. ಇಲ್ಲವಾದರೆ ಅವು ರಾತ್ರಿ ನಿದ್ರಿಸುವ ಗೋಸುಂಬೆಯನ್ನೇ ಕಚ್ಚುತ್ತವೆ. ಬಾಯಿ ಬಿಡಿಸಿ ತುರುಕುವುದಂತೂ ಸಲ್ಲದು. ಜೇನುಗೂಡಿನ ಮೇಣ ತಿಂದು ಕೊಬ್ಬುವ ಹುಳುವನ್ನು ನಿತ್ಯ ಕೊಟ್ಟು ಓಲೈಸಿದರೆ, ಮಿಠಾಯಿಯ ರುಚಿ ಹತ್ತಿದ ಮಗು ಅನ್ನವನ್ನು ದೂಡಿದಂತೆಯೇ ಆಗುತ್ತದೆ.

ಹಿತ್ತಿಲಿನಲ್ಲಿ ಸಿಕ್ಕ ಹುಳುವನ್ನೆಲ್ಲ ಹಿಡಿದು ಹಾಕುವುದೂ ಅಪಾಯವೇ. ಕೆಲವಕ್ಕೆ ಔಷಧದ ಸಿಂಪಡಿಕೆ ತಗಲಿರುತ್ತದೆ. ಕೆಲವು ಸ್ವಭಾವತಃ ವಿಷ. ಅಮೆರಿಕದ ಮಿಂಚುಹುಳುವನ್ನು ನುಂಗಿದ ಸಾಕು ಓತಿಗಳು ಸತ್ತ ಪ್ರಕರಣಗಳನ್ನು ವಿಜ್ಞಾನಿಗಳು 1999ರಲ್ಲಿ ವರದಿ ಮಾಡಿದ್ದಾರೆ. ಹೊಸ ರುಚಿ ತೋರಿಸಲು ಹೋಗಿ ಪ್ರಾಣವನ್ನೇ ಕಳೆಯಬಾರದು.

ಹಟವೋ, ರೋಗವೋ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಪ್ರಾಯಕ್ಕೆ ಬಂದ ಆರೋಗ್ಯವಂತ ಗೋಸುಂಬೆಗೆ ಕೆಲವು ದಿನಗಳ ಉಪವಾಸದಿಂದ ತೊಂದರೆಯಿಲ್ಲ. ಬೆಳೆಯುವ ಮರಿಗೆ ಆ ಶಿಸ್ತು ಸಲ್ಲದು. ಮೊಟ್ಟೆಯಿಡುವ ಕಾಲ ಹತ್ತಿರವಾದ ಹೆಣ್ಣು ತಾನಾಗಿಯೇ ಊಟ ಬಿಡುತ್ತದೆ. ಅದಕ್ಕೆ ಬೇಕಾದದ್ದು ಹೊಸ ಹುಳುವಲ್ಲ, ಅಗೆಯಲು ತೇವದ ಮಣ್ಣು. ಪಂಜರ ತಣ್ಣಗಿದ್ದರೂ, ಎಲೆಗಳ ಮೇಲೆ ನೆಕ್ಕಲು ನೀರ ಹನಿಯಿಲ್ಲದಿದ್ದರೂ ಹಸಿವು ಇಂಗುತ್ತದೆ. ಆದರೆ ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತರೆ, ಕಣ್ಣುಗುಡ್ಡೆ ಒಳಸೇರಿದ್ದರೆ, ಗುರಿಯಿಟ್ಟೂ ನಾಲಗೆ ಹೊರಬಾರದಿದ್ದರೆ ಅದು ಹಟವಲ್ಲ. ಪಶುವೈದ್ಯರ ಬಾಗಿಲು ತಟ್ಟಬೇಕಾದ ಹೊತ್ತು. ಹಟವೆಂದು ತಿಳಿದು ವಾರಗಟ್ಟಲೆ ಕಾದು ಪ್ರಾಣಿಯನ್ನು ಕಳೆದುಕೊಂಡವರೂ ಉಂಟು.

ಇದನ್ನೋದಿ ತಾವೂ ಒಂದನ್ನು ಸಾಕೋಣವೆಂದು ಯಾರಾದರೂ ಹೊರಟರೆ ತಡೆಯಬೇಕಾದೀತು. ಕರ್ನಾಟಕದ ಕುರುಚಲು ಕಾಡುಗಳಲ್ಲಿ ಬಾಳುವ ಹಸಿರು ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯವಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಅದು ತನ್ನ ಪೊದೆಯಲ್ಲಿಯೇ ಇರಲಿ. ಅಲ್ಲಿ ಮಿಡತೆ, ನೊಣ, ಚಿಟ್ಟೆ ಎಂದು ಋತುವಿಗೊಂದು ಊಟ ತಾನಾಗಿ ಎದುರು ಬರುತ್ತದೆ. ಅದರ ಹಟವನ್ನು ಬಿಡಿಸುವ ತೊಂದರೆ ಯಾರಿಗೂ ಇಲ್ಲ.